ಹೊಮ್ಮಿದ್ದು ಸಮಾಜದ ವರ್ತನೆಯೋ, ಕೋಡಿನ ವರ್ತನೆಯೋ? ಏಜೆಂಟ್ ಆಧಾರಿತ ಮಾದರಿಯಲ್ಲಿ ಕಂಡುಕೊಳ್ಳುವುದು ಹೇಗೆ

ಪ್ರಶ್ನೆ – ಗುಂಪುಗಣಿತ

ಮಾತುಕತೆಯಿಂದ ಅಭಿಪ್ರಾಯ ಬದಲಾಗುವುದು, ತಮ್ಮಂಥವರ ಪಕ್ಕಕ್ಕೆ ಜನ ಸರಿದುಹೋಗುವುದು – ಇವೆರಡನ್ನೂ ಒಂದೇ ಏಜೆಂಟ್ ಆಧಾರಿತ ಮಾದರಿಯಲ್ಲಿ (ಏಜೆಂಟ್ ಎಂಬ ಕಾಲ್ಪನಿಕ ವ್ಯಕ್ತಿಗಳು ಸರಳ ನಿಯಮಗಳಂತೆ ನಡೆಯುವ ಕಂಪ್ಯೂಟರ್ ಮಾದರಿ) ಸೇರಿಸಿದ್ದೇನೆ. ಪೈಥಾನ್‌ನಲ್ಲಿ, ಇಂಥ ಮಾದರಿ ಕಟ್ಟಲು ಇರುವ ಮೇಸಾ ಎಂಬ ಲೈಬ್ರರಿ ಬಳಸಿ ಬರೆದದ್ದು. ವಿವರ ಹೀಗಿದೆ:

50×50 ಮನೆಗಳ ಗ್ರಿಡ್. ಎಡದ ಅಂಚು ಬಲಕ್ಕೂ, ಮೇಲಿನದು ಕೆಳಗಿನದಕ್ಕೂ ಸೇರಿಕೊಂಡಿದೆ. 2000 ಏಜೆಂಟರು, 500 ಮನೆ ಖಾಲಿ. ಪ್ರತಿಯೊಬ್ಬರಿಗೂ 0ಯಿಂದ 1ರೊಳಗೆ ಒಂದು ಅಭಿಪ್ರಾಯ. ಆರಂಭದಲ್ಲಿ ಏಕರೂಪವಾಗಿ ಹಂಚಿದ್ದೇನೆ. ಆಯ್ಕೆಯಾದ ಏಜೆಂಟ್ ಸುತ್ತಲಿನ ಎಂಟು ಮನೆಗಳಲ್ಲಿರುವ ಒಬ್ಬರೊಡನೆ ಮಾತಾಡುತ್ತಾನೆ. ಇಬ್ಬರ ಅಂತರ 0.2ರೊಳಗಿದ್ದರೆ ಇಬ್ಬರೂ ಅಂತರದ ಅರ್ಧದಷ್ಟು ಹತ್ತಿರ ಬರುತ್ತಾರೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಆಮೇಲೆ ಅವನು ನೆರೆಹೊರೆ ನೋಡುತ್ತಾನೆ: 0.2ರೊಳಗಿನ ಅಭಿಪ್ರಾಯದವರು ಶೇ 40ಕ್ಕಿಂತ ಕಡಿಮೆಯಿದ್ದರೆ ಯಾವುದಾದರೂ ಖಾಲಿ ಮನೆಗೆ ಹೋಗುತ್ತಾನೆ.

ಒಬ್ಬೊಬ್ಬರನ್ನೇ ಎಬ್ಬಿಸುವ ಕ್ರಮದಲ್ಲಿ 50,000 ಟಿಕ್ (ಮಾದರಿಯ ಕಾಲದ ಹೆಜ್ಜೆ) ಓಡಿಸಿದೆ, ಒಂದು ಟಿಕ್‌ಗೆ ಒಬ್ಬ ಏಜೆಂಟ್. ಎರಡು ಅಥವಾ ಮೂರು ದೊಡ್ಡ ಬಣಗಳು, ಪ್ರತಿ ಬಣಕ್ಕೂ ತನ್ನದೇ ಪ್ರದೇಶ. ಎಲ್ಲರನ್ನೂ ಒಟ್ಟಿಗೆ ಬದಲಿಸುವ ಕ್ರಮದಲ್ಲಿ 500 ಟಿಕ್ ಓಡಿಸಿದರೆ (ಇಲ್ಲಿ ಪ್ರತಿ ಟಿಕ್‌ನಲ್ಲೂ ಎಲ್ಲರೂ ಒಮ್ಮೆ, ಮಾತು ಆರಂಭಿಸಿದವರ ಅಭಿಪ್ರಾಯ ಮಾತ್ರ ಬದಲಾಗುತ್ತದೆ) ಬಣಗಳ ಸಂಖ್ಯೆಯೂ ಗಡಿಯೂ ಬೇರೆ. ಎರಡರಲ್ಲೂ 10 ಓಟಗಳಷ್ಟೇ ಆಗಿವೆ.

ಕೇಳಬೇಕಿರುವುದು ಮೂರು. ಇದನ್ನು ಹೊಮ್ಮುವಿಕೆ (ಯಾವ ನಿಯಮದಲ್ಲೂ ಬರೆದಿರದ ವರ್ತನೆ ಇಡೀ ಗುಂಪಿನಲ್ಲಿ ಮೂಡುವುದು) ಎಂದು ಕರೆಯಬಹುದೇ, ಅಥವಾ ಕೋಡಿನ ರಚನೆ ತಂದ ಆಭಾಸವೇ? ಎಷ್ಟು ಓಟ ಬೇಕು? ಮೂರನೆಯದು: ಓದಿದ ಅರ್ಥಶಾಸ್ತ್ರಜ್ಞರು ದತ್ತಾಂಶಕ್ಕೆ ಹೊಂದಿಸಿ ಎನ್ನುತ್ತಾರೆ, ಭೌತವಿಜ್ಞಾನಿಗಳು ನಿಯಮಗಳನ್ನು ಇನ್ನೂ ಇಳಿಸಿ ಎನ್ನುತ್ತಾರೆ, ಮಾನವಶಾಸ್ತ್ರಜ್ಞರು ನಿಯಮ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಇವರೆಲ್ಲರಿಗೂ ಒಂದೇ ಬರಹದಲ್ಲಿ ಉತ್ತರಿಸುವುದು ಹೇಗೆ?

ಉತ್ತರ 1 – ಸರದಿಸಾಲು

ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಬದಲಿಸಿದಾಗ ಫಲಿತಾಂಶವೂ ಬದಲಾದರೆ, ಆ ಸರದಿ ನಿಮ್ಮ ಸಿದ್ಧಾಂತದ ಒಂದು ಊಹೆ. ಅದನ್ನು ಕೋಡಿನ ಮೂಲೆಯಲ್ಲಿ ಬಿಡದೆ ಬರಹದ ಮುಂಭಾಗಕ್ಕೆ ತರಬೇಕು. ಇದಕ್ಕೆ ಒಳ್ಳೆಯ ನಿದರ್ಶನ ಸಹಕಾರದ ಆಟ. 1992ರಲ್ಲಿ ಮಾರ್ಟಿನ್ ನೋವಾಕ್ ಮತ್ತು ರಾಬರ್ಟ್ ಮೇ ಕೈದಿಗಳ ಸಂದಿಗ್ಧವನ್ನು (ಮೋಸ ಮಾಡಿದವನಿಗೆ ಲಾಭ, ಆದರೆ ಇಬ್ಬರೂ ಮೋಸ ಮಾಡಿದರೆ ಇಬ್ಬರಿಗೂ ನಷ್ಟ ಎಂಬ ಆಟ) ಗ್ರಿಡ್ ಮೇಲೆ ಇಟ್ಟರು. ಪ್ರತಿಯೊಬ್ಬರೂ ತಮ್ಮ ನೆರೆಯಲ್ಲಿ ಹೆಚ್ಚು ಗಳಿಸಿದವರನ್ನು ಅನುಕರಿಸುತ್ತಾರೆ, ಎಲ್ಲರೂ ಒಂದೇ ಕ್ಷಣದಲ್ಲಿ. ನೆನಪಿಲ್ಲ, ಲೆಕ್ಕಾಚಾರವಿಲ್ಲ, ಆದರೂ ಸಹಕರಿಸುವವರು ಗುಂಪು ಕಟ್ಟಿಕೊಂಡು ಉಳಿದರು. ಮರುವರ್ಷವೇ ಹ್ಯೂಬರ್ಮನ್ ಮತ್ತು ಗ್ಲಾನ್ಸ್ ಅದೇ ಆಟವನ್ನು ಒಬ್ಬೊಬ್ಬರನ್ನೇ ಬದಲಿಸುವ ಕ್ರಮದಲ್ಲಿ ಓಡಿಸಿದಾಗ ಸಹಕಾರ ಪೂರ್ತಿ ಅಳಿಸಿಹೋಯಿತು. 1994ರಲ್ಲಿ ಮೂಲ ಲೇಖಕರು, ಬೊನ್‌ಹೋಫರ್ ಜೊತೆ ಸೇರಿ, ಪ್ರತಿಫಲದ ಬೇರೆ ಮೌಲ್ಯಗಳಲ್ಲಿ ಒಬ್ಬೊಬ್ಬರ ಕ್ರಮದಲ್ಲೂ ಸಹಕಾರ ಉಳಿಯುತ್ತದೆ ಎಂದು ತೋರಿಸಿದರು. ಅಂದರೆ ಹೊಮ್ಮುವಿಕೆ ನಿಜವೇ, ಆದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಗಡಿಯನ್ನು ಸರದಿಯೂ ಸೇರಿ ತೀರ್ಮಾನಿಸುತ್ತದೆ.

ಯಾವ ಕ್ರಮ ಸರಿ ಎಂದು ಕೋಡ್ ನೋಡಿ ಹೇಳಲಾಗದು. ಎಲ್ಲರೂ ಒಂದೇ ಮಾಹಿತಿ ನೋಡಿ ಒಂದೇ ದಿನ ತೀರ್ಮಾನಿಸುವ ಸಂಗತಿಯಾದರೆ, ಉದಾಹರಣೆಗೆ ಮತದಾನ, ಒಟ್ಟಿಗೆ ಬದಲಿಸುವುದು ಒಪ್ಪುತ್ತದೆ. ಮಾತುಕತೆ, ಮನೆ ಬದಲಾವಣೆ ಇವೆಲ್ಲ ಅವರವರ ಸಮಯಕ್ಕೆ ನಡೆಯುವಂಥವು. ಅಲ್ಲಿ ಒಬ್ಬೊಬ್ಬರ ಕ್ರಮವೇ ಸಹಜ. ನಿಮ್ಮದು ಎರಡನೆಯ ಬಗೆ.

ಈಗ ನಿಮ್ಮ ಎರಡು ಆವೃತ್ತಿಗಳಿಗೆ ಬರೋಣ. ಅವು ಸರದಿಯಲ್ಲಿ ಮಾತ್ರ ಬೇರೆಯಲ್ಲ, ನಿಯಮದಲ್ಲೇ ಬೇರೆ. ಒಂದರಲ್ಲಿ ಇಬ್ಬರೂ ಬದಲಾಗುತ್ತಾರೆ, ಇನ್ನೊಂದರಲ್ಲಿ ಒಬ್ಬರೇ. ಇಬ್ಬರೂ ಬದಲಾಗುವಾಗ ಒಬ್ಬರು ಎಷ್ಟು ಏರಿದರೋ ಇನ್ನೊಬ್ಬರು ಅಷ್ಟೇ ಇಳಿಯುತ್ತಾರೆ, ಹಾಗಾಗಿ ಇಡೀ ಸಮಾಜದ ಸರಾಸರಿ ಅಲುಗಾಡುವುದಿಲ್ಲ. ಒಬ್ಬರೇ ಬದಲಾದರೆ ಸರಾಸರಿ ತೇಲಾಡುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ನಿಯಮಕ್ಕೆ ತನ್ನಿ.

ಸರಾಸರಿ ಉಳಿಯಬೇಕು ಎಂಬ ಈ ಗುಣವೇ ಒಳ್ಳೆಯ ಪರೀಕ್ಷೆ ಕೂಡ. ಪ್ರತಿ 1000 ಟಿಕ್‌ಗೆ ಎಲ್ಲ ಅಭಿಪ್ರಾಯಗಳ ಮೊತ್ತ ಬರೆದಿಡಿ. ದಶಮಾಂಶದ ಹತ್ತನೆಯ ಸ್ಥಾನದಾಚೆ ಮಾತ್ರ ಅಲುಗಾಟ ಕಂಡರೆ ಸರಿ. ಅದಕ್ಕಿಂತ ಹೆಚ್ಚಾದರೆ ಈ ತಪ್ಪು ಇದೆಯೇ ನೋಡಿ: ಮೊದಲನೆಯವನ ಅಭಿಪ್ರಾಯ ಬದಲಿಸಿ, ಆ ಹೊಸ ಮೌಲ್ಯವನ್ನೇ ಬಳಸಿ ಎರಡನೆಯವನದನ್ನು ಲೆಕ್ಕ ಹಾಕುವುದು. 0.4 ಮತ್ತು 0.5 ಇದ್ದವರು ಇಬ್ಬರೂ 0.45ಕ್ಕೆ ಬರಬೇಕು. ತಪ್ಪು ಕೋಡಿನಲ್ಲಿ ಮೊದಲನೆಯವ 0.45, ಎರಡನೆಯವ 0.475, ಮೊತ್ತ 0.9 ಇದ್ದದ್ದು 0.925 ಆಗುತ್ತದೆ. ಹಳೆಯ ಎರಡು ಮೌಲ್ಯಗಳನ್ನು ಮೊದಲೇ ಬದಿಗಿಟ್ಟುಕೊಂಡರೆ ಇದು ಬರುವುದೇ ಇಲ್ಲ.

ಒಟ್ಟಿಗೆ ಬದಲಿಸುವ ಕ್ರಮದಲ್ಲಿ ಮನೆ ಬದಲಾವಣೆಯ ತಂಟೆ ಬೇರೆ. ಇಬ್ಬರು ಒಂದೇ ಖಾಲಿ ಮನೆ ಆರಿಸಿದರೆ ಯಾರಿಗೆ? ಪಟ್ಟಿಯ ಕ್ರಮದಲ್ಲಿ ಹೋದರೆ ಮೊದಲು ಹುಟ್ಟಿದ ಏಜೆಂಟರಿಗೆ ಸದಾ ಲಾಭ. ಏಜೆಂಟರನ್ನು ಮೇಲಿನ ಎಡಮೂಲೆಯಿಂದ ಸಾಲುಸಾಲಾಗಿ ಸೃಷ್ಟಿಸಿದ್ದರೆ ಆ ಪಕ್ಷಪಾತಕ್ಕೆ ಗ್ರಿಡ್ ಮೇಲೆ ಒಂದು ದಿಕ್ಕೇ ಬಂದುಬಿಡುತ್ತದೆ, ಆಮೇಲೆ ಅದೇ ಪ್ರದೇಶವಾಗಿ ಕಾಣುತ್ತದೆ. ಎರಡು ಹಂತ ಮಾಡಿ: ಮೊದಲು ಎಲ್ಲರ ಇಚ್ಛೆ ಸಂಗ್ರಹಿಸಿ, ಆಮೇಲೆ ಪ್ರತಿ ಮನೆಗೂ ಚೀಟಿ ಎತ್ತಿ. ಸೋತವರು ಇದ್ದಲ್ಲೇ ಉಳಿಯುತ್ತಾರೆ.

ಕೊನೆಗೊಂದು ಚಿಕ್ಕ ಸಂಗತಿ. ಪೈಥಾನ್‌ನಲ್ಲಿ 0.6ರಿಂದ 0.4 ಕಳೆದರೆ 0.2ಕ್ಕಿಂತ ಕೂದಲೆಳೆಯಷ್ಟು ಕಡಿಮೆ, 0.8ರಿಂದ 0.6 ಕಳೆದರೆ ಕೂದಲೆಳೆಯಷ್ಟು ಹೆಚ್ಚು. ಒಂದು ಜೋಡಿ ಮಾತಾಡುತ್ತದೆ, ಇನ್ನೊಂದು ಮಾತಾಡುವುದಿಲ್ಲ. ಈಗಿನ ನಿರಂತರ ಹಂಚಿಕೆಯಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಮುಂದೆ ಸಮೀಕ್ಷೆಯ 0, 0.1, 0.2 ಎಂಬ ಅಂಕಗಳನ್ನು ಆರಂಭಕ್ಕೆ ಹಾಕಿದರೆ ಇದು ಸಾವಿರಾರು ಜೋಡಿಗಳನ್ನು ತಟ್ಟುತ್ತದೆ. ಅಂಥಲ್ಲಿ ಮಿತಿಯನ್ನು 0.2 ಎಂದಿಡದೆ 0.2000001 ಅಥವಾ 0.1999999 ಎಂದಿಟ್ಟು, ಸಮ ಅಂತರದವರು ಒಳಗೋ ಹೊರಗೋ ಎಂದು ನೀವೇ ತೀರ್ಮಾನಿಸಿ.

ಉತ್ತರ 2 – ನೆರೆಮನೆ

ಮೊದಲ ಪ್ರಶ್ನೆಗೆ ಇನ್ನೊಂದು ಬದಿಯಿಂದ. ಏನೂ ಹೊಮ್ಮದಿದ್ದರೆ ಎಷ್ಟಿರುತ್ತಿತ್ತು ಎಂಬ ಸಂಖ್ಯೆ ಕೈಯಲ್ಲಿಲ್ಲದೆ ಹೊಮ್ಮಿತು ಎನ್ನುವುದಕ್ಕೆ ಆಧಾರವಿಲ್ಲ.

ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ವಿಂಗಡಣೆಯ ಮಾದರಿ ಇವತ್ತಿಗೂ ಉಳಿದಿರುವುದು ಈ ಹೋಲಿಕೆ ಅಲ್ಲಿ ನಿಚ್ಚಳವಾಗಿರುವುದರಿಂದ. ಎರಡು ಬಗೆಯವರು ಸಮಸಂಖ್ಯೆಯಲ್ಲಿ, ಮನಬಂದಂತೆ ಕೂರಿಸಿದರೆ ಸ್ವಬಗೆಯ ನೆರೆಯವರು ಸರಾಸರಿ ಶೇ 50. ಪ್ರತಿಯೊಬ್ಬರೂ ಕೇಳುವುದು ಶೇ 30 ಮಾತ್ರ. ಏಜೆಂಟ್ ಮಾದರಿಗಳ ಇನ್ನೊಂದು ಸಾಧನವಾದ ನೆಟ್‌ಲೋಗೋದ ಮಾದರಿ ಸಂಗ್ರಹದಲ್ಲಿರುವ ಆವೃತ್ತಿಯನ್ನು ಓಡಿಸಿದರೆ ಅದು ಶೇ 70ನ್ನು ದಾಟಿ ನಿಲ್ಲುತ್ತದೆ. ಕೇಳಿದ್ದು 30, ಸುಮ್ಮನೆ ಬಿಟ್ಟರೆ 50, ಸಿಕ್ಕಿದ್ದು 70ಕ್ಕೂ ಹೆಚ್ಚು. ತಮ್ಮಂಥವರು ಬೇಕು ಎಂದವರು ತಮ್ಮಂಥವರ ಬಳಿ ಸೇರಿದ್ದರಲ್ಲಿ ಹೊಸದೇನಿಲ್ಲ. ಯಾರೂ ಕೇಳದಷ್ಟು ಸೇರಿದ್ದು ಹೊಮ್ಮುವಿಕೆ. ನಿಮ್ಮ ಬರಹದಲ್ಲೂ ಈ ಮೂರು ಸಂಖ್ಯೆಗಳು ಒಟ್ಟಿಗೆ ಇರಲಿ.

ನಿಮ್ಮ ಮಾದರಿಯಲ್ಲಿ ಸುಮ್ಮನೆ ಬಿಟ್ಟರೆ ಎಷ್ಟು? 0–1ರಲ್ಲಿ ಏಕರೂಪವಾಗಿ ಹಂಚಿದ ಇಬ್ಬರ ಅಂತರ 0.2ರೊಳಗೆ ಇರುವ ಸಾಧ್ಯತೆ 2×0.2 − 0.2×0.2, ಅಂದರೆ 0.36. ನೀವು ಕೇಳುತ್ತಿರುವುದು ಶೇ 40. ಮಿತಿ ಆರಂಭದ ಸರಾಸರಿಗಿಂತ ಮೇಲಿದೆ! ಶೆಲ್ಲಿಂಗ್ ಮಾದರಿಯಲ್ಲಿ ಸೌಮ್ಯವಾದ ಬಯಕೆ ಕಠಿಣ ವಿಂಗಡಣೆಗೆ ದಾರಿಯಾಗುತ್ತದೆ. ನಿಮ್ಮಲ್ಲಿ ಬಯಕೆಯೇ ಸೌಮ್ಯವಲ್ಲ.

ಅದಕ್ಕಿಂತ ಗಂಭೀರವಾದದ್ದು ಅಂಚಿನ ಪರಿಣಾಮ, ಗ್ರಿಡ್‌ನ ಅಂಚಲ್ಲ, ಅಭಿಪ್ರಾಯದ ಅಂಚು. 0.5ರಲ್ಲಿರುವವನಿಗೆ ಎರಡೂ ಬದಿಯಲ್ಲಿ 0.2 ಜಾಗವಿದೆ, ಅವನಿಗೆ ಶೇ 40 ಜನ ತನ್ನಂಥವರು. 0ಯಲ್ಲಿರುವವನಿಗೆ ಒಂದೇ ಬದಿ, ಶೇ 20. ಇದಕ್ಕೆ ಪೂರ್ಣಾಂಕದ ಕಟ್ಟು ಸೇರಿಕೊಳ್ಳುತ್ತದೆ. ಎಂಟು ಮನೆಯಲ್ಲಿ ಸರಾಸರಿ 6.4 ಭರ್ತಿ. ಐದು ನೆರೆಯವರಿದ್ದರೆ ಶೇ 40 ಎಂದರೆ 2 ಜನ. ಆರಿದ್ದರೆ 2.4, ಅಂದರೆ 3 ಬೇಕು. ಏಳಕ್ಕೂ 3 ಸಾಕು, ಎಂಟಕ್ಕೆ 4. ಕಾಗದದ ಮೇಲೆ ಶೇ 40 ಎಂದಿದ್ದರೂ ಆರು ನೆರೆಯವರಿರುವವನಿಗೆ ಅದು ಶೇ 50. ಆ ಆರು ಜನರ ಲೆಕ್ಕವನ್ನೇ ಮುಂದುವರಿಸಿದರೆ, ಮೊದಲ ಕ್ಷಣದಲ್ಲಿ ತೃಪ್ತನಾಗಿರುವ ಸಾಧ್ಯತೆ ನಡುವಿನವನಿಗೆ ಸುಮಾರು ಶೇ 46, ತುದಿಯವನಿಗೆ ಸುಮಾರು ಶೇ 10.

ಹೀಗಾಗಿ ತುದಿಯ ಅಭಿಪ್ರಾಯದವರು ಹೆಚ್ಚು ಅಲೆಯುತ್ತಾರೆ. ಉಗ್ರ ನಿಲುವಿನವರು ಒಂದೆಡೆ ನೆಲೆ ನಿಲ್ಲುವುದಿಲ್ಲ ಎಂದು ಇದನ್ನು ಓದಿದರೆ ಪೂರ್ತಿ ತಪ್ಪಾದೀತು. ಗೆರೆಗೆ ತುದಿ ಇರುವುದರ ಲೆಕ್ಕವದು. ಪರೀಕ್ಷೆ ಸುಲಭ. 0 ಮತ್ತು 1ನ್ನು ಸೇರಿಸಿ ಅಭಿಪ್ರಾಯವನ್ನು ವೃತ್ತ ಮಾಡಿ, ಎಲ್ಲರಿಗೂ ಶೇ 40 ಸಿಗುತ್ತದೆ. ವೃತ್ತದ ಮೇಲೆ ಮಾತುಕತೆಯ ಲೆಕ್ಕ ಹತ್ತಿರದ ದಾರಿಯಲ್ಲೇ ನಡೆಯಬೇಕು: 0.95 ಮತ್ತು 0.05ರ ನಡುವೆ 0 ಬರಬೇಕು, 0.5 ಅಲ್ಲ. ಹೀಗೆ ಮಾಡಿದಾಗ ಅಲೆದಾಟದ ವ್ಯತ್ಯಾಸ ಅಳಿದರೆ ಕಾರಣ ಸಿಕ್ಕಂತೆ.

ಇನ್ನು ಬಣಗಳ ಸಂಖ್ಯೆ. ಎಲ್ಲರೂ ಎಲ್ಲರೊಡನೆ ಮಾತಾಡುವ, ಗ್ರಿಡ್ಡೇ ಇಲ್ಲದ ದೆಫುವಾಂ ಮತ್ತು ಸಹಲೇಖಕರ 2000ದ ಮಾದರಿಯಲ್ಲಿ ದೊಡ್ಡ ಬಣಗಳ ಸಂಖ್ಯೆ ಸರಿಸುಮಾರು 1 ಭಾಗಿಸು (2 × ಸಹನೆಯ ಮಿತಿ). ಸಹನೆಯ ಮಿತಿ ಎಂದರೆ ಮಾತು ನಾಟುವ ಗರಿಷ್ಠ ಅಂತರ, ನಿಮ್ಮಲ್ಲಿ 0.2. ಅದಕ್ಕೆ ಬಣಗಳ ಸಂಖ್ಯೆ 2.5. ನಿಮಗೆ ಕಂಡದ್ದು ಎರಡು ಅಥವಾ ಮೂರು. ಮನೆ ಬದಲಾವಣೆ ಬಣಗಳನ್ನು ಹುಟ್ಟಿಸಿತು ಎಂದು ಬರೆಯುವ ಮೊದಲು ಇದಕ್ಕೆ ಉತ್ತರ ಬೇಕು. ಈ ಐದನ್ನು ಓಡಿಸಿ:

– ಮಾತು ಇದೆ, ಚಲನೆ ಇಲ್ಲ.
– ಚಲನೆ ಇದೆ, ಮಾತು ಇಲ್ಲ (ಅಭಿಪ್ರಾಯ ಹುಟ್ಟಿದಂತೆಯೇ ಸ್ಥಿರ).
– ಎರಡೂ ಇವೆ.
– ಎರಡೂ ಇವೆ, ಆದರೆ ಮಾತಿನ ಜೊತೆಗಾರ ಗ್ರಿಡ್‌ನ ಎಲ್ಲಿಂದಲಾದರೂ.
– ಎರಡೂ ಇವೆ, ಆದರೆ ಪ್ರತಿ 2000 ಟಿಕ್‌ಗೊಮ್ಮೆ ಎಲ್ಲರ ಜಾಗ ಕಲಸಿಬಿಡುವುದು.

ನಾಲ್ಕನೆಯದರಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂಬುದು ಅಭಿಪ್ರಾಯವನ್ನು ಮುಟ್ಟಲು ದಾರಿಯೇ ಇಲ್ಲ. ಅಲ್ಲೂ ಅಷ್ಟೇ ಬಣಗಳು ಬಂದರೆ ಬಣಗಳ ಶ್ರೇಯ ಸಹನೆಯ ಮಿತಿಗೆ, ಪ್ರದೇಶಗಳ ಶ್ರೇಯ ಮಾತ್ರ ಚಲನೆಗೆ. ಐದನೆಯದು ಕಲಿಸುವುದೇ ಹೆಚ್ಚು: ಅಲ್ಲಿ ನಿಯಮಗಳೆಲ್ಲ ಹಾಗೇ ಇವೆ, ನೆರೆಹೊರೆಯ ನೆನಪೊಂದೇ ಇಲ್ಲ.

ಗುಂಪುಗಣಿತ

0.36ರ ಲೆಕ್ಕ ಮಾಡಿರಲೇ ಇಲ್ಲ, ತುಂಬ ಉಪಕಾರ. ಮಿತಿಯನ್ನು ಶೇ 25ಕ್ಕೆ ಇಳಿಸಿ ನೋಡುತ್ತೇನೆ. ಓಟಗಳ ಸಂಖ್ಯೆ ಮತ್ತು ಎಲ್ಲಿ ನಿಲ್ಲಿಸಬೇಕು ಎಂಬುದರ ಬಗ್ಗೆ ಯಾರಾದರೂ ತಿಳಿಸುವಿರಾ?

ಉತ್ತರ 3 – ನೂರುಓಟ

ಮೊದಲು ಗಡಿಯಾರ. ಒಬ್ಬೊಬ್ಬರ ಕ್ರಮದಲ್ಲಿ 50,000 ಟಿಕ್, 2000 ಜನ: ಸರಾಸರಿ ಒಬ್ಬರಿಗೆ 25 ಸರದಿ, ಇನ್ನೊಬ್ಬರು ಮಾತಿಗೆಳೆದದ್ದೂ ಸೇರಿ ಸುಮಾರು 50 ಮಾತುಕತೆ. ಒಟ್ಟಿಗೆ ಬದಲಿಸುವ ಕ್ರಮದಲ್ಲಿ 500 ಟಿಕ್ ಎಂದರೆ ಒಬ್ಬರಿಗೆ 500 ಸರದಿ, ಅಂದರೆ ತಮ್ಮ ಅಭಿಪ್ರಾಯ ಬದಲಾಗಬಹುದಾದ ಮಾತುಕತೆ 50ರ ಬದಲು 500. ಹತ್ತುಪಟ್ಟು ಹೆಚ್ಚು ವಯಸ್ಸಾದ ಸಮಾಜವನ್ನು ಎಳೆಯದರ ಜೊತೆ ಹೋಲಿಸುತ್ತಿದ್ದೀರಿ. ಸರದಿಸಾಲು ಅವರು ಹೇಳಿದ ನಿಯಮದ ವ್ಯತ್ಯಾಸ ಸರಿಪಡಿಸಿದ ಮೇಲೂ ಇದೊಂದೇ ಕಾರಣಕ್ಕೆ ಬಣಗಳ ಸಂಖ್ಯೆ ಬೇರೆ ಬರಬಹುದು. ಟಿಕ್ ಎಣಿಕೆ ಬಿಟ್ಟು, ತಲಾ ಎಷ್ಟು ಮಾತುಕತೆ ಎಂದು ಕಾಲವನ್ನು ಅಳೆಯಿರಿ.

ನಿಲ್ಲಿಸಲು ಸ್ಥಿರ ಸಂಖ್ಯೆಯ ಬದಲು ಸ್ಥಿತಿ ನೋಡಿ. ಮಾತಾಡಬಲ್ಲ ನೆರೆಜೋಡಿಗಳಲ್ಲಿ ಯಾವುದಕ್ಕೂ 0.001ಕ್ಕಿಂತ ಹೆಚ್ಚು ಅಂತರ ಉಳಿದಿಲ್ಲ, ಅತೃಪ್ತರು ಯಾರೂ ಇಲ್ಲ – ಎರಡೂ ನಿಜವಾದಾಗ ನಿಲ್ಲಲಿ. ಜೊತೆಗೆ ಒಂದು ಗರಿಷ್ಠ ಮಿತಿಯೂ ಇರಲಿ, ಏಕೆಂದರೆ ಕೆಲವು ಓಟ ಎಂದೂ ನೆಲೆಗೊಳ್ಳುವುದಿಲ್ಲ. ತನ್ನಂಥವರು ತೀರಾ ವಿರಳವಾಗಿರುವ ಏಜೆಂಟ್ ಮನೆಯಿಂದ ಮನೆಗೆ ಅಲೆಯುತ್ತಲೇ ಇರುತ್ತಾನೆ. ನೆಲೆಗೊಳ್ಳದ ಓಟಗಳನ್ನು ಕಸವೆಂದು ಎಸೆಯಬೇಡಿ, ಅವೂ ಫಲಿತಾಂಶ. ನೂರರಲ್ಲಿ ಎಷ್ಟು ನೆಲೆಗೊಳ್ಳಲಿಲ್ಲ ಎಂದು ಬರೆಯಿರಿ.

ಈಗ ಸಂಖ್ಯೆ. ಹತ್ತಕ್ಕೆ ಹತ್ತೂ ಓಟದಲ್ಲಿ ಒಂದೇ ಬಣ ಆಗಲಿಲ್ಲ ಎಂದಿಟ್ಟುಕೊಳ್ಳಿ. ಅದರಿಂದ ಶೇ 95ರ ಭರವಸೆಯಲ್ಲಿ ಹೇಳಬಹುದಾದದ್ದು, ಒಮ್ಮತದ ಸಾಧ್ಯತೆ ಶೇ 26ರ ಕೆಳಗಿದೆ ಎಂದಷ್ಟೇ. ನಾಲ್ಕರಲ್ಲೊಂದು ಓಟ ಒಮ್ಮತಕ್ಕೆ ಬರುವ ಸಮಾಜವಾಗಿದ್ದರೂ ನಿಮ್ಮ ಹತ್ತರಲ್ಲಿ ಅದು ಕಾಣದೇ ಹೋಗಬಹುದು. ಒಮ್ಮೆಯೂ ಕಾಣದ ಘಟನೆಗೆ ಮೇಲಿನ ಮಿತಿ ಸುಮಾರು 3 ಭಾಗಿಸು ಓಟಗಳ ಸಂಖ್ಯೆ: 100 ಓಟಕ್ಕೆ ಶೇ 3, 300ಕ್ಕೆ ಶೇ 1. ಎರಡು ಬಣವೋ ಮೂರೋ ಎಂಬ ಪಾಲನ್ನು ಅಂದಾಜಿಸುವುದಾದರೆ, ಪಾಲು ಅರ್ಧದ ಆಸುಪಾಸಿನಲ್ಲಿದ್ದಾಗ ಪ್ರಮಾಣಿತ ದೋಷ (ಅಂದಾಜು ಸಾಮಾನ್ಯವಾಗಿ ಎಷ್ಟು ತಪ್ಪುತ್ತದೆ ಎಂಬ ಅಳತೆ) 10 ಓಟಕ್ಕೆ ಶೇ 16, 100ಕ್ಕೆ ಶೇ 5, 400ಕ್ಕೆ ಶೇ 2.5. ದೋಷ ಅರ್ಧವಾಗಬೇಕೆಂದರೆ ಓಟ ನಾಲ್ಕು ಪಟ್ಟು. ನಿಮ್ಮ ಗಾತ್ರದ ಮಾದರಿಗೆ ಮುಖ್ಯ ಸನ್ನಿವೇಶಕ್ಕೆ 400, ಉಳಿದವಕ್ಕೆ 100 ಇಟ್ಟುಕೊಳ್ಳಿ ಎನ್ನುವೆ.

ಸರಾಸರಿಯನ್ನು ಮಾತ್ರ ಬರೆಯಬೇಡಿ, ಇದನ್ನು ಒತ್ತಿ ಹೇಳಬೇಕು. ಸಾಂಕ್ರಾಮಿಕದ ಸರಳ ಮಾದರಿ ತೆಗೆದುಕೊಳ್ಳಿ: ದೊಡ್ಡ ಜನಸಂಖ್ಯೆ, ಎಲ್ಲರೂ ಬೆರೆಯುತ್ತಾರೆ, ಒಬ್ಬ ರೋಗಿ ಸರಾಸರಿ ಇಬ್ಬರಿಗೆ ಅಂಟಿಸುತ್ತಾನೆ, ಪ್ರತಿ ಕ್ಷಣವೂ ಗುಣವಾಗುವ ಸಾಧ್ಯತೆ ಒಂದೇ, ಆರಂಭದಲ್ಲಿ ಒಬ್ಬನೇ ರೋಗಿ. ಅರ್ಧದಷ್ಟು ಓಟಗಳಲ್ಲಿ ರೋಗ ಬೆರಳೆಣಿಕೆಯ ಜನಕ್ಕೆ ತಗುಲಿ ನಂದಿಹೋಗುತ್ತದೆ. ಉಳಿದರ್ಧದಲ್ಲಿ ಸುಮಾರು ಶೇ 80 ಜನಕ್ಕೆ ತಗಲುತ್ತದೆ. ಸರಾಸರಿ ಶೇ 40, ಮತ್ತು ಶೇ 40ರ ಹತ್ತಿರ ಬಂದ ಓಟ ಒಂದೂ ಇಲ್ಲ. ನಿಮ್ಮ ಎರಡು ಮತ್ತು ಮೂರು ಬಣಗಳ ಸರಾಸರಿ 2.4 ಎಂದು ಬರೆದರೂ ಇದೇ ಕಥೆ. ಪ್ರತಿ ಓಟಕ್ಕೊಂದು ಚುಕ್ಕಿ ಇಟ್ಟು ಹಂಚಿಕೆಯನ್ನೇ ತೋರಿಸಿ. ಬಣ ಎಂದರೆ ಏನೆಂಬ ಮಿತಿಯನ್ನೂ ಮೊದಲೇ ಬರೆದಿಡಿ, ಉದಾಹರಣೆಗೆ 2000ದಲ್ಲಿ ಕನಿಷ್ಠ 40 ಜನ. ಇಲ್ಲದಿದ್ದರೆ ಮೂರು ಜನರ ಚೂರುಗಳೂ ಎಣಿಕೆಗೆ ಬರುತ್ತವೆ.

ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ನಿಗದಿಪಡಿಸುವ ಆರಂಭದ ಸಂಖ್ಯೆ) ವಿಷಯ: ಆರಂಭದ ಹಂಚಿಕೆಗೆ ಒಂದು, ಓಟದ ನಡುವಿನ ಆಯ್ಕೆಗಳಿಗೆ ಇನ್ನೊಂದು, ಹೀಗೆ ಎರಡು ಬೇರೆ ಸಂಖ್ಯಾಜನಕ ಇಡಿ. ಆಗ ಅದೇ ಆರಂಭದಿಂದ 20 ಬೇರೆ ಓಟ ಓಡಿಸಿ, ವ್ಯತ್ಯಾಸ ಹುಟ್ಟಿನಿಂದ ಬಂತೋ ದಾರಿಯಿಂದ ಬಂತೋ ಎಂದು ಬೇರ್ಪಡಿಸಬಹುದು. ಸೀಡ್ ಕೊಟ್ಟರೂ ಪ್ರತಿಸಲ ಬೇರೆ ಫಲಿತಾಂಶ ಬರುತ್ತಿದ್ದರೆ, ಏಜೆಂಟರನ್ನು ಪೈಥಾನ್‌ನ ಸೆಟ್‌ನಲ್ಲಿ ಇಟ್ಟು ಅದರ ಮೇಲೆ ಲೂಪ್ ಮಾಡುತ್ತಿದ್ದೀರೇ ನೋಡಿ. ಸೆಟ್‌ನ ಕ್ರಮ ವಸ್ತುಗಳ ಮೆಮೊರಿ ವಿಳಾಸವನ್ನು ಅವಲಂಬಿಸಬಹುದು, ಅದು ನಿಮ್ಮ ಸೀಡ್‌ಗೆ ಬಗ್ಗುವುದಿಲ್ಲ. ಪಟ್ಟಿಯಲ್ಲಿಟ್ಟು, ನಿಮ್ಮ ಸಂಖ್ಯಾಜನಕದಿಂದಲೇ ಕಲಸಿ.

ನಿಯತಾಂಕಗಳ (0.2, ಶೇ 40ರಂಥ ನೀವೇ ಆರಿಸಿದ ಮೌಲ್ಯಗಳ) ತಪಾಸಣೆಗೆ ಒಂದೊಂದನ್ನೇ ಬದಲಿಸುವುದರಿಂದ ಆರಂಭಿಸಿ, ಅಲ್ಲೇ ನಿಲ್ಲಬೇಡಿ. ಸಹನೆಯ ಮಿತಿಯೂ ಚಲನೆಯ ಮಿತಿಯೂ ಒಂದಕ್ಕೊಂದು ಹೆಣೆದುಕೊಂಡಿವೆ. ಐದು ನಿಯತಾಂಕಕ್ಕೆ ಮಾರಿಸ್ ವಿಧಾನದಲ್ಲಿ (ಯಾವ ನಿಯತಾಂಕ ಮುಖ್ಯ ಎಂದು ಒರಟಾಗಿ ಸೋಸುವ ವಿಧಾನ) 10 ಪಥ ಎಂದರೆ 10×(5+1), 60 ಬಿಂದುಗಳು. ಬಿಂದುವಿಗೆ 50 ಓಟದಂತೆ 3000 ಓಟ. ಸೊಬೋಲ್ ವಿಧಾನಕ್ಕೆ (ಫಲಿತಾಂಶದ ಏರಿಳಿತದಲ್ಲಿ ಪ್ರತಿ ನಿಯತಾಂಕದ ಪಾಲನ್ನು ಅಳೆಯುವುದು) ಆರಂಭದ ಬಿಂದುಗಳು 512 ಆದರೆ 512×(5+2), 3584 ಬಿಂದುಗಳು, ಪ್ರತಿಯೊಂದಕ್ಕೂ ಹಲವು ಓಟ. ಮಾರಿಸ್‌ನಿಂದ ನಿಷ್ಪ್ರಯೋಜಕ ನಿಯತಾಂಕಗಳನ್ನು ಕೈಬಿಟ್ಟ ಮೇಲೆಯೇ ಸೊಬೋಲ್‌ಗೆ ಹೋಗಿ.

ಉತ್ತರ 4 – ಹಲಶಾಸ್ತ್ರ

ಮೂರನೆಯ ಪ್ರಶ್ನೆ ಉಳಿದಿದೆ. ಅವರವರು ಬೇರೆಬೇರೆ ಕೇಳುತ್ತಿದ್ದಾರೆ ಎಂದು ತೋರುತ್ತದೆ, ಆದರೆ ಪ್ರತಿಯೊಂದು ಶಾಸ್ತ್ರವೂ ತಾನು ಹಿಂದೆ ಮೋಸಹೋದ ಜಾಗವನ್ನು ಕಾಯುತ್ತಿದೆ.

ಸಮಾಜಶಾಸ್ತ್ರದಲ್ಲಿ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಉದಾಹರಣೆ ನೋಡಿ. ನೂರು ಜನರ ಗುಂಪು. ಒಬ್ಬ ಯಾರನ್ನೂ ಕಾಯದೆ ಗಲಭೆ ಶುರುಮಾಡುತ್ತಾನೆ, ಮುಂದಿನವ ಒಬ್ಬನನ್ನು ಕಂಡರೆ ಸೇರುತ್ತಾನೆ, ಅದರ ಮುಂದಿನವ ಇಬ್ಬರನ್ನು ಕಂಡರೆ, ಹೀಗೆ 99ರವರೆಗೆ. ನೂರೂ ಜನ ಬೀದಿಗಿಳಿಯುತ್ತಾರೆ. ಈಗ 1ರ ಮಿತಿಯವನ ಮಿತಿಯನ್ನು 2 ಮಾಡಿ. ಮೊದಲನೆಯವ ಒಬ್ಬನೇ ಉಳಿಯುತ್ತಾನೆ, ಗಲಭೆಯೇ ಇಲ್ಲ. ಎರಡೂ ಗುಂಪಿನ ಸರಾಸರಿ ಮನೋಭಾವ ಬಹುತೇಕ ಒಂದೇ. ಗುಂಪಿನ ವರ್ತನೆಯಿಂದ ವ್ಯಕ್ತಿಗಳ ಮನಸ್ಸನ್ನು ಹಿಮ್ಮುಖವಾಗಿ ಓದಲಾಗದು ಎಂಬ ಎಚ್ಚರ ಅಲ್ಲಿಂದ ಬಂದದ್ದು. ನಿಮ್ಮ 2000 ಜನರಿಗೂ ಒಂದೇ 0.2, ಒಂದೇ ಶೇ 40 ಕೊಟ್ಟಿದ್ದೀರಿ. ಮಿತಿಗಳನ್ನು ಹಂಚಿಕೆಯಿಂದ ಎತ್ತಿದಾಗಲೂ ಚಿತ್ರ ಉಳಿಯುತ್ತದೆಯೇ? ಇದನ್ನು ಸಮಾಜಶಾಸ್ತ್ರಜ್ಞರು ಕೇಳಿಯೇ ಕೇಳುತ್ತಾರೆ.

ಭೌತವಿಜ್ಞಾನಿಗಳ ಭಯ ಗಾತ್ರ ಮತ್ತು ಸದ್ದು (ಆಕಸ್ಮಿಕ ಏರುಪೇರು). ಆಕ್ಸೆಲ್ರಾಡ್‌ರ 1997ರ ಸಂಸ್ಕೃತಿ ಮಾದರಿಯಲ್ಲಿ ಹೋಲುವವರು ಹೆಚ್ಚು ಬೆರೆತು ಇನ್ನಷ್ಟು ಹೋಲುತ್ತಾರೆ, ಆದರೂ ಕೊನೆಗೆ ಹಲವು ಸಂಸ್ಕೃತಿಗಳು ಹೆಪ್ಪುಗಟ್ಟಿ ನಿಲ್ಲುತ್ತವೆ. 2003ರಲ್ಲಿ ಕ್ಲೆಮ್ ಮತ್ತು ಸಹಲೇಖಕರು ಅದಕ್ಕೆ ತೀರಾ ಸಣ್ಣ ಪ್ರಮಾಣದ ಆಕಸ್ಮಿಕ ಬದಲಾವಣೆ ಸೇರಿಸಿದಾಗ ಆ ವೈವಿಧ್ಯ ಕರಗಿ ಒಂದೇ ಸಂಸ್ಕೃತಿಯತ್ತ ಹೋಯಿತು. ಹೆಪ್ಪುಗಟ್ಟಿದ ಸ್ಥಿತಿ ಸದ್ದಿಲ್ಲದ ಜಗತ್ತಿನಲ್ಲಿ ಮಾತ್ರ ಗಟ್ಟಿಯಾಗಿತ್ತು. ನಿಮ್ಮ ಬಣಗಳಿಗೂ ಇದೇ ಪರೀಕ್ಷೆ: 1000 ಸರದಿಗೆ ಒಮ್ಮೆ ಯಾರಾದರೊಬ್ಬರ ಅಭಿಪ್ರಾಯವನ್ನು ಮನಬಂದಂತೆ ಬದಲಿಸಿ ನೋಡಿ. ಜೊತೆಗೆ ಖಾಲಿ ಮನೆಗಳ ಪ್ರಮಾಣ ಶೇ 20ರಲ್ಲೇ ಇಟ್ಟು 100×100, 200×200 ಗ್ರಿಡ್ ಓಡಿಸಿ. ಪ್ರದೇಶದ ಅಗಲ ಗ್ರಿಡ್ ಬೆಳೆದಂತೆ ಬೆಳೆದರೆ ಒಂದು ಅರ್ಥ, ಹಾಗೇ ನಿಂತರೆ ಇನ್ನೊಂದು.

ಅರ್ಥಶಾಸ್ತ್ರ ಮತ್ತು ಪುರಾತತ್ತ್ವ ದತ್ತಾಂಶ ಕೇಳುವುದಕ್ಕೂ ಕಾರಣವಿದೆ, ಆದರೆ ದತ್ತಾಂಶಕ್ಕೆ ಹೊಂದುವುದೊಂದೇ ಸಾಲದು. ಅಮೆರಿಕದ ಅರಿಜೋನಾದ ಲಾಂಗ್ ಹೌಸ್ ಕಣಿವೆಯಲ್ಲಿ ಕ್ರಿ.ಶ. 800ರಿಂದ 1350ರವರೆಗಿನ ಮನೆತನಗಳ ಏರಿಳಿತವನ್ನು ಮರುಸೃಷ್ಟಿಸಿದ ಪ್ರಸಿದ್ಧ ಮಾದರಿ ಇದೆ. ಪ್ರತಿ ಮನೆತನವೂ ಒಂದು ಏಜೆಂಟ್. ಬೆಳೆ ಸಾಲದಾದಾಗ ಜಾಗ ಬದಲಿಸುತ್ತದೆ. ಉತ್ಖನನದ ಅಂಕಿಗಳಿಗೆ ರೇಖೆ ಚೆನ್ನಾಗಿ ಹೊಂದಿತು. 2009ರಲ್ಲಿ ಮಾರ್ಕೊ ಯಾನ್ಸೆನ್ ಅದನ್ನು ಮತ್ತೆ ಕಟ್ಟಿ ನೋಡಿದಾಗ, ಆ ಹೊಂದಿಕೆಯ ಬಹುಪಾಲು ಭೂಮಿಯ ಧಾರಣಶಕ್ತಿಯ (ಅದು ಎಷ್ಟು ಜನರನ್ನು ಸಾಕಬಲ್ಲದು ಎಂಬುದರ) ಏರಿಳಿತದಿಂದಲೇ ಬರುತ್ತಿತ್ತು. ಏಜೆಂಟರ ನಿರ್ಧಾರಗಳ ಪಾಲು ಅಲ್ಲಿ ಕಡಿಮೆ. ರೇಖೆ ಹೊಂದಿತು ಎಂಬುದು ಕಾರ್ಯವಿಧಾನ ಸರಿ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಪರಿಸರವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ದಾರಿ ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ: ಒಂದು ರೇಖೆಗೆ ಬಿಗಿಯಾಗಿ ಹೊಂದಿಸುವ ಬದಲು, ಬೇರೆಬೇರೆ ಮಟ್ಟದ ನಾಲ್ಕೈದು ದುರ್ಬಲ ಮಾದರಿಗುರುತುಗಳನ್ನು ಏಕಕಾಲಕ್ಕೆ ಕೊಡುವ ನಿಯಮವನ್ನಷ್ಟೇ ಉಳಿಸಿಕೊಳ್ಳುವುದು. ನಿಮ್ಮಲ್ಲಿ ಅವು ಬಣಗಳ ಸಂಖ್ಯೆ, ಬಣಗಳ ಗಾತ್ರದ ಹಂಚಿಕೆ, ಗಡಿಯ ಉದ್ದ, ಒಬ್ಬರು ಎಷ್ಟು ಸಲ ಮನೆ ಬದಲಿಸಿದರು ಎಂಬ ಹಂಚಿಕೆ ಆಗಬಹುದು.

ಬರಹಕ್ಕೆ ಓಡಿಡಿ (ODD) ಎಂಬ, ಏಜೆಂಟ್ ಮಾದರಿಯನ್ನು ವಿವರಿಸುವ ಚೌಕಟ್ಟು ಹಿಡಿಯಿರಿ. ವೋಲ್ಕರ್ ಗ್ರಿಮ್ ಮತ್ತು ಸಂಗಡಿಗರು 2006ರಲ್ಲಿ ಪರಿಸರವಿಜ್ಞಾನಕ್ಕಾಗಿ ರೂಪಿಸಿದ್ದು, 2010 ಮತ್ತು 2020ರಲ್ಲಿ ಪರಿಷ್ಕರಣೆ ಆಯಿತು. ಏಳು ಭಾಗ: ಉದ್ದೇಶ ಮತ್ತು ಗುರುತುಗಳು, ಘಟಕಗಳು ಹಾಗೂ ಅವುಗಳ ಸ್ಥಿತಿ ಮತ್ತು ಅಳತೆ, ಪ್ರಕ್ರಿಯೆ ಮತ್ತು ಸರದಿ, ವಿನ್ಯಾಸದ ಪರಿಕಲ್ಪನೆಗಳು, ಆರಂಭ, ಹೊರಗಿನ ದತ್ತಾಂಶ, ಉಪಮಾದರಿಗಳು. ಮಾನವಶಾಸ್ತ್ರಜ್ಞರ ಪ್ರಶ್ನೆಗೆ ಉತ್ತರ ಕೊನೆಯ ಭಾಗದಲ್ಲಿ ಬರಬೇಕು. ಪ್ರತಿ ನಿಯಮದ ಕೆಳಗೆ ಇದು ಕ್ಷೇತ್ರಕಾರ್ಯದಿಂದ ಬಂದದ್ದೋ, ಸಮೀಕ್ಷೆಯಿಂದಲೋ, ಹಿಂದಿನ ಮಾದರಿಯಿಂದಲೋ, ಅನುಕೂಲಕ್ಕೆ ಇಟ್ಟುಕೊಂಡದ್ದೋ ಎಂದು ಒಂದು ಸಾಲು. ಅನುಕೂಲಕ್ಕೆ ಎಂದು ಬರೆಯಲು ಹಿಂಜರಿಯಬೇಡಿ. ಅಂಥ ನಿಯಮಗಳೇ ತಪಾಸಣೆಯಲ್ಲಿ ಮೊದಲು ಬದಲಿಸಿ ನೋಡಬೇಕಾದವು.

ಗುಂಪುಗಣಿತ

ಓಡಿಡಿ ಬರೆದ ಮೇಲೆ ಅದು ಸಾಕಷ್ಟು ಸ್ಪಷ್ಟವಾಗಿದೆ ಎಂದು ಗೊತ್ತಾಗುವುದು ಹೇಗೆ?

ಹಲಶಾಸ್ತ್ರ

ಕೋಡ್ ನೋಡದ ಒಬ್ಬರಿಗೆ ಅದನ್ನಷ್ಟೇ ಕೊಟ್ಟು ಬೇರೆ ಸಾಧನದಲ್ಲಿ, ನೆಟ್‌ಲೋಗೋ ಆದರೂ ಸರಿ, ಮತ್ತೆ ಬರೆಸಿ. ಅವರು ನಿಮ್ಮನ್ನು ಕೇಳುವ ಪ್ರತಿ ಪ್ರಶ್ನೆಯೂ ಬರಹದಲ್ಲಿನ ಒಂದು ರಂಧ್ರ. ಸಂಖ್ಯೆಗೆ ಸಂಖ್ಯೆ ಹೊಂದಬೇಕೆಂದು ನಿರೀಕ್ಷಿಸಬೇಡಿ, ಸಂಖ್ಯಾಜನಕಗಳೇ ಬೇರೆ. 1996ರಲ್ಲಿ ಆಕ್ಸ್‌ಟೆಲ್, ಆಕ್ಸೆಲ್ರಾಡ್, ಎಪ್‌ಸ್ಟೈನ್ ಮತ್ತು ಕೊಹೆನ್ ಎರಡು ಮಾದರಿಗಳನ್ನು ಜೋಡಿಸಿ ನೋಡಿದಾಗ ಮೂರು ಮಟ್ಟ ಗುರುತಿಸಿದರು: ಅಂಕಿಗಳೇ ಒಂದಾಗುವುದು, ಹಂಚಿಕೆಗಳು ಒಂದಾಗುವುದು, ಏರಿಳಿತದ ಸಂಬಂಧಗಳು ಮಾತ್ರ ಒಂದಾಗುವುದು. ನಿಮಗೆ ಬೇಕಾದದ್ದು ನಡುವಿನದು. ಎರಡೂ ಕಡೆ 400 ಓಟ, ಬಣಗಳ ಸಂಖ್ಯೆಯ ಮತ್ತು ಮನೆ ಬದಲಾವಣೆಯ ಹಂಚಿಕೆಗಳನ್ನು ಪಕ್ಕಪಕ್ಕ ಇಡಿ. ಹೊಂದದಿದ್ದರೆ ಮೊದಲು ಮೂರು ಕಡೆ ಹುಡುಕಿ: ಸರದಿ, ನೆರೆಯವರೇ ಇಲ್ಲದ ಏಜೆಂಟ್ ತೃಪ್ತನೋ ಅತೃಪ್ತನೋ ಎಂಬುದು, ಮತ್ತು ಶೇ 40ಕ್ಕೆ ಸರಿಯಾಗಿ ನಿಂತವನು ಉಳಿಯುತ್ತಾನೋ ಹೊರಡುತ್ತಾನೋ ಎಂಬುದು.